ಸಿಒಪಿಡಿ: ಸೊರಗುವುದು ಶ್ವಾಸಕೋಶವೊಂದೇ ಅಲ್ಲ

ಬಂಟ್ವಾಳ ತಾಲೂಕಿನ ಕಲ್ಲಡ್ಕ ಪರಿಸರದಲ್ಲಿ ಬೀಡಿ ಕಟ್ಟುವುದು ದಶಕಗಳ ಗೃಹ ಕಸುಬು. ಅಡುಗೆಗೆ ಗ್ಯಾಸ್ ಬಂದ ಅನೇಕ ಮನೆಗಳಲ್ಲೂ ಬಚ್ಚಲಿನ ಹಂಡೆಗೆ ತೆಂಗಿನ ಗರಿ, ಅಡಿಕೆ ಸಿಪ್ಪೆಯ ಬೆಂಕಿಯೇ ಆಧಾರ. ಬೀಡಿ ಸೇದುವವರನ್ನೂ ಒಲೆಯ ಹೊಗೆಯಲ್ಲಿ ದಿನ ಕಳೆಯುವವರನ್ನೂ ಸಮಾನವಾಗಿ ಕಾಡಬಲ್ಲ ವ್ಯಾಧಿಯೆಂದರೆ ದೀರ್ಘಕಾಲಿಕ ಶ್ವಾಸನಾಳ ಅಡಚಣೆ, ಅರ್ಥಾತ್ ಸಿಒಪಿಡಿ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 2021ರಲ್ಲಿ ಜಗತ್ತಿನಾದ್ಯಂತ ಸುಮಾರು 35 ಲಕ್ಷ ಮಂದಿ ಇದಕ್ಕೆ ಬಲಿಯಾದರು. ಕೆಮ್ಮು, ಕಫ, ಏದುಸಿರು ಇದರ ಪರಿಚಿತ ಲಕ್ಷಣಗಳು. ಆದರೆ ಸ್ನಾಯು, ಮೂಳೆ ಹಾಗೂ ಅಪಧಮನಿಗಳೂ ಇದರಿಂದ ಬಾಧಿತವಾಗುತ್ತವೆ ಎಂಬ ಅರಿವು ವಿರಳ.

ತೂಕವೊಂದೇ ಅಳತೆಯಲ್ಲ

ಈ ರೋಗಿಗಳಲ್ಲಿ ಉಸಿರಾಟಕ್ಕೇ ಅಧಿಕ ಶಕ್ತಿ ವ್ಯಯವಾಗುತ್ತದೆ. ಹಸಿವು ಕುಂದುತ್ತದೆ, ನಡೆದಾಟ ಕಡಿಮೆಯಾಗುತ್ತದೆ. ಜತೆಗೆ ದೇಹದಲ್ಲಿ ಸದಾ ಇರುವ ಉರಿಯೂತವೂ ಸೇರಿ ಸ್ನಾಯು ಕರಗುತ್ತದೆ. ಶರೀರದ ತೂಕವನ್ನು (ಕಿಲೋ) ಎತ್ತರದ (ಮೀಟರ್) ವರ್ಗದಿಂದ ಭಾಗಿಸಿದಾಗ ದೊರೆಯುವ ಸಂಖ್ಯೆ 21 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಅಪಾಯ ಹೆಚ್ಚೆಂದು 2004ರಲ್ಲಿ ಪ್ರಕಟವಾದ ‘ಬೋಡ್’ ಸೂಚ್ಯಂಕ ಪರಿಗಣಿಸುತ್ತದೆ. ಆದರೆ ಕೆಲವರಲ್ಲಿ ಸ್ನಾಯು ಕರಗಿದರೂ ಕೊಬ್ಬು ಉಳಿಯುವುದರಿಂದ ತೂಕ ಸಹಜವಾಗಿಯೇ ಕಾಣುತ್ತದೆ. ಆದ್ದರಿಂದ ಕೊಬ್ಬನ್ನು ಕಳೆದು ಉಳಿದ ತೂಕವನ್ನೂ ಲೆಕ್ಕ ಹಾಕುತ್ತಾರೆ. ಆ ಸಂಖ್ಯೆ ಪುರುಷರಲ್ಲಿ 16, ಸ್ತ್ರೀಯರಲ್ಲಿ 15ಕ್ಕಿಂತ ಕೆಳಗಿಳಿದರೆ ಸ್ನಾಯು ಕ್ಷೀಣಿಸಿದೆ ಎಂದರ್ಥ.

ಟೊಳ್ಳಾಗುವ ಮೂಳೆ

ಧೂಮಪಾನ, ವಿಟಮಿನ್ ಡಿ ಕೊರತೆ, ಪದೇಪದೇ ಸೇವಿಸುವ ಸ್ಟೀರಾಯ್ಡ್ ಮಾತ್ರೆಗಳಿಂದ ಮೂಳೆಯ ಸಾಂದ್ರತೆ ಕುಸಿಯುತ್ತದೆ. ಡೆಕ್ಸಾ ಪರೀಕ್ಷೆಯಲ್ಲಿ ಟಿ-ಸ್ಕೋರ್ ಮೈನಸ್ 2.5 ಅಥವಾ ಅದಕ್ಕೂ ಕೆಳಗಿದ್ದರೆ ಅದು ಆಸ್ಟಿಯೊಪೊರೋಸಿಸ್. ಬೆನ್ನೆಲುಬು ಕುಸಿದು ಗೂನಾದರೆ ಎದೆಗೂಡು ಕುಗ್ಗಿ, ಮೊದಲೇ ದುರ್ಬಲವಾದ ಉಸಿರಾಟ ಮತ್ತಷ್ಟು ಕ್ಷೀಣಿಸುತ್ತದೆ.

ಬಿರುಸಾಗುವ ಅಪಧಮನಿ

ಅಪಧಮನಿಗಳು ಹಿಗ್ಗುವ ಗುಣ ಕಳೆದುಕೊಂಡಾಗ ರಕ್ತದೊತ್ತಡ ಏರಿ, ಹೃದಯದ ಹೊರೆ ಹೆಚ್ಚುತ್ತದೆ. ಸಿಒಪಿಡಿ ಇರುವ ಅನೇಕರ ಸಾವಿಗೆ ಕಾರಣ ಹೃದಯ ಹಾಗೂ ರಕ್ತನಾಳಗಳ ಕಾಯಿಲೆ. ಏದುಸಿರನ್ನೆಲ್ಲ ‘ದಮ್ಮು’ ಎಂದು ತಳ್ಳಿಹಾಕಿದರೆ ಹೃದಯದ ತೊಂದರೆ ಪತ್ತೆಯಾಗದೆ ಉಳಿಯುತ್ತದೆ.

ಪರಿಹಾರವೇನು?

ಬೀಡಿ, ಸಿಗರೇಟು ತ್ಯಜಿಸುವುದೇ ಮೊದಲ ಚಿಕಿತ್ಸೆ. ಹೊಗೆ ಹೊರಹೋಗುವಂತೆ ಬಚ್ಚಲಿನ ಒಲೆಗೆ ಚಿಮಣಿ ಬೇಕು. ಸ್ಪೈರೋಮೆಟ್ರಿಯೊಂದಿಗೆ ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲ್ ಪರೀಕ್ಷೆಯೂ ಅಗತ್ಯ. ಮೂಳೆಯ ಪರೀಕ್ಷೆ ಬೇಕೇ ಎಂಬುದನ್ನು ವೈದ್ಯರಲ್ಲಿ ಕೇಳಬೇಕು. ವೈದ್ಯರ ಸಲಹೆಯಂತೆ ನಡಿಗೆ, ಕೈಕಾಲುಗಳ ಬಲ ಹೆಚ್ಚಿಸುವ ವ್ಯಾಯಾಮ ರೂಢಿಸಿಕೊಳ್ಳಬೇಕು. ಕುಚ್ಚಲಕ್ಕಿ ಗಂಜಿಯ ಜತೆ ಹೆಸರು, ಹುರುಳಿ, ಮೊಟ್ಟೆ ಇರಲಿ. ಕರಾವಳಿಯ ಬೂತಾಯಿ ಮೀನು ಪ್ರೊಟೀನ್ ಜತೆಗೆ ವಿಟಮಿನ್ ಡಿಯನ್ನೂ ಒದಗಿಸುತ್ತದೆ. ಸ್ಟೀರಾಯ್ಡ್ ಭಯದಿಂದ ಇನ್‌ಹೇಲರನ್ನು ತಾವಾಗಿಯೇ ನಿಲ್ಲಿಸುವುದು ಮಾತ್ರ ಸಲ್ಲದು.