ಪರದೆ ಬಂದ ದಾರಿ: ಪೀಣ್ಯ ಪರಿಸರದ ಪೌರಾಣಿಕ ನಾಟಕ ಮತ್ತು ಪಾಶ್ಚಾತ್ಯ ರಂಗಭೂಮಿ

ಪೀಣ್ಯ ಕೈಗಾರಿಕಾ ಪ್ರದೇಶದ ಅಂಚಿನ ಹಳ್ಳಿಯಿಂದ ಬರುತ್ತಿದ್ದ ಜಾನಪದ ವಿದ್ಯಾರ್ಥಿಯೊಬ್ಬ, ಪಾಶ್ಚಾತ್ಯ ರಂಗಭೂಮಿಯ ಇತಿಹಾಸವನ್ನು ಎಲ್ಲಿಂದ ಓದಲು ತೊಡಗಬೇಕೆಂದು ಒಮ್ಮೆ ನನ್ನನ್ನು ಕೇಳಿದ. ಗ್ರೀಕ್ ನಾಟಕಕಾರರ ಹೆಸರುಗಳನ್ನು ಬರೆದುಕೊಟ್ಟೆ. ಅವನ ತಂದೆ ಕಾರ್ಖಾನೆಯ ಪಾಳಿ ಮುಗಿಸಿ ಪ್ರತಿ ಸಂಜೆ ‘ಕುರುಕ್ಷೇತ್ರ’ ನಾಟಕದ ತಾಲೀಮಿಗೆ ಹೋಗುತ್ತಿದ್ದರೆಂಬುದು ನನಗೆ ತಿಳಿದದ್ದು ಅನಂತರ. ನಾನಿತ್ತ ಉತ್ತರ ಅಪೂರ್ಣವೆಂಬ ಅರಿವೇ ಪ್ರಸ್ತುತ ಲೇಖನಕ್ಕೆ ಪ್ರೇರಣೆ.

ಪಾಶ್ಚಾತ್ಯ ರಂಗಭೂಮಿ ಕನ್ನಡಕ್ಕೆ ಮುಖ್ಯವಾಗಿ ಎರಡು ದಾರಿಗಳಲ್ಲಿ ಬಂದಿದೆ. ಮೊದಲನೆಯದು ಗ್ರಂಥಗಳ ದಾರಿ. ಷೇಕ್ಸ್‌ಪಿಯರನ ‘ಒಥೆಲೋ’ವನ್ನು ಆಧರಿಸಿದ ಬಸವಪ್ಪಶಾಸ್ತ್ರಿಗಳ ‘ಶೂರಸೇನ ಚರಿತೆ’, ಗ್ರೀಕ್ ರುದ್ರನಾಟಕಗಳಿಂದ ಬಂದ ಬಿ.ಎಂ.ಶ್ರೀಯವರ ‘ಅಶ್ವತ್ಥಾಮನ್’ (1929) ಮತ್ತು ‘ಪಾರಸಿಕರು’ (1935) ಈ ದಾರಿಯ ಮೈಲಿಗಲ್ಲುಗಳು. ಸಾಹಿತ್ಯ ಚರಿತ್ರೆಗಳು ಇದನ್ನು ಸಾಕಷ್ಟು ವಿವರವಾಗಿ ದಾಖಲಿಸಿವೆ.

ಎರಡನೆಯದು ಕುಶಲಕರ್ಮಿಗಳ ದಾರಿ. ದೂರ–ಸಮೀಪಗಳ ಭ್ರಮೆ ಹುಟ್ಟಿಸುವ ಚಿತ್ರಿತ ದೃಶ್ಯಗಳು ಹಾಗೂ ಚೌಕಟ್ಟಿನ ರಂಗ ಇಟಲಿಯಲ್ಲಿ 16–17ನೆಯ ಶತಮಾನಗಳಲ್ಲಿ ರೂಪುಗೊಂಡವು. 1618ರಲ್ಲಿ ಪಾರ್ಮಾ ನಗರದಲ್ಲಿ ನಿರ್ಮಾಣವಾದ ಫರ್ನೇಸೆ ರಂಗಮಂದಿರ ಇದರ ಪ್ರಸಿದ್ಧ ನಿದರ್ಶನ. ಯುರೋಪಿಯನ್ನರೊಡನೆ ಈ ರಂಗ ಮುಂಬಯಿಗೆ ಬಂದಿತು. 1853ರಿಂದ ಪಾರಸಿ ನಾಟಕ ಮಂಡಳಿಗಳು ಇದನ್ನು ತಮ್ಮದಾಗಿಸಿಕೊಂಡವು. ಅವುಗಳ ಮತ್ತು ಮರಾಠಿ ಮಂಡಳಿಗಳ ಪ್ರಭಾವ 1884ರಲ್ಲಿ ಸ್ಥಾಪಿತವಾದ ಗುಬ್ಬಿ ಕಂಪನಿಯೂ ಸೇರಿದಂತೆ ಕನ್ನಡ ವೃತ್ತಿರಂಗಭೂಮಿಯ ಮೇಲಾಯಿತು. ಕಂಪನಿ ಬಿಟ್ಟ ಕಲಾವಿದರು ಹಳ್ಳಿಗಳಲ್ಲಿ ನಾಟಕದ ಮೇಷ್ಟರಾದಾಗ ಪರದೆ, ಸೈಡ್ ವಿಂಗು, ಡ್ರಾಪ್ ಸೀನುಗಳು ಅವುಗಳ ಹೆಸರಿನೊಡನೆಯೇ ಊರಿಗೆ ಬಂದವು. 1842ರಲ್ಲಿ ಪ್ಯಾರಿಸ್ಸಿನಲ್ಲಿ ಹಕ್ಕುಸ್ವಾಮ್ಯ ಪಡೆದ ಹಾರ್ಮೋನಿಯಂ ಕೂಡ ಹೀಗೆಯೇ ದುರ್ಯೋಧನನ ಪದ್ಯಕ್ಕೆ ಶ್ರುತಿ ಕೊಡುವಂತಾಯಿತು.

ಇದೇ ಸೀಮೆಯಲ್ಲಿ ಮೂಡಲಪಾಯ ಯಕ್ಷಗಾನವೂ ಇತ್ತು. ಅದಕ್ಕೆ ಚಿತ್ರಿತ ದೃಶ್ಯಗಳು ಬೇಕಿರಲಿಲ್ಲ. ಮುಖವೀಣೆ, ಮದ್ದಳೆ, ತಾಳಗಳೇ ಸಾಕಾಗಿದ್ದವು. ಭಾಗವತನ ಹೊಣೆಯ ಬಹುಭಾಗ ಪೌರಾಣಿಕ ನಾಟಕದಲ್ಲಿ ಹಾರ್ಮೋನಿಯಂ ಮೇಷ್ಟರಿಗೆ ಸಂದಿದೆ ಎಂದು ಭಾವಿಸಬಹುದು. ಎಂದರೆ ಹೊಸ ರಂಗಸಜ್ಜಿಕೆ ಬಂದರೂ ಹಾಡಿಸುವವನೇ ಆಟ ನಡೆಸುವ ಹಳೆಯ ಕ್ರಮ ಅಳಿಯಲಿಲ್ಲ.

ಇಲ್ಲೊಂದು ವ್ಯಂಗ್ಯವನ್ನು ಗಮನಿಸಬೇಕು. ಬೆಂಗಳೂರಿನ ಇನ್ನೊಂದು ಅಂಚಾದ ವೈಟ್‌ಫೀಲ್ಡ್‌ನಲ್ಲಿ 2011ರಲ್ಲಿ ಆರಂಭವಾದ ‘ಜಾಗೃತಿ’ ರಂಗಮಂದಿರದ ರಂಗ ಪ್ರೇಕ್ಷಕರ ನಡುವೆ ಚಾಚಿಕೊಂಡಿದೆ. ಅವರು ಮೂರು ಕಡೆಗಳಿಂದ ನೋಡುತ್ತಾರೆ. ಅಥೆನ್ಸಿನ ಬೆಟ್ಟದಿಳಿಜಾರಿನ ಬಯಲು ರಂಗಮಂದಿರದಲ್ಲಿಯೂ ನೋಟಕರು ಆಟದ ನೆಲವನ್ನು ಬಳಸಿ ಕೂರುತ್ತಿದ್ದರು. ಇಪ್ಪತ್ತನೆಯ ಶತಮಾನದಲ್ಲಿ ಪಾಶ್ಚಾತ್ಯರಲ್ಲಿ ಅನೇಕರು ಬಿಟ್ಟುಕೊಟ್ಟ ಚಿತ್ರಪರದೆಯ ರಂಗವನ್ನು ಮಾತ್ರ ನಮ್ಮ ಹಳ್ಳಿಗರು ಪಾತ್ರಕ್ಕೆ ತಕ್ಕಷ್ಟು ಹಣವನ್ನು ತಾವೇ ಹೂಡಿ ಉಳಿಸಿಕೊಂಡಿದ್ದಾರೆ. ಹಾಗಾದರೆ ಯಾವುದು ಪಾಶ್ಚಾತ್ಯ, ಯಾವುದು ದೇಶೀ?

ಈ ಪ್ರಶ್ನೆಯನ್ನು ನಾವು ಜಾನಪದರು ಕೇಳಿಕೊಳ್ಳಲಿಲ್ಲ. ಕಂಪನಿಯ ಛಾಯೆಯಿದೆಯೆಂದು ಪೌರಾಣಿಕ ನಾಟಕವನ್ನು ಜಾನಪದದಿಂದ ಹೊರಗಿಟ್ಟೆವು. ನಾಟಕ ವಿಮರ್ಶಕರು ಅದನ್ನು ಹಳ್ಳಿಯದೆಂದು ಕೈಬಿಟ್ಟರು. ಈ ತಪ್ಪಿನಲ್ಲಿ ನನ್ನ ಕ್ಷೇತ್ರಕಾರ್ಯದ ಪಾಲೂ ಇದೆ. ಹರಿದ ಪರದೆಯನ್ನು ಯಾರೂ ಕಾಪಿಡುವುದಿಲ್ಲ. ಮೇಷ್ಟರು ತೀರಿಕೊಂಡರೆ ಪದ್ಯಗಳ ಮಟ್ಟುಗಳೂ ಅವರೊಡನೆ ಹೋಗುತ್ತವೆ. ಆದಕಾರಣ ಪರದೆಗಳು, ಮೇಷ್ಟರ ಕೈಬರಹದ ಪುಸ್ತಕಗಳು ಮತ್ತು ತಾಲೀಮಿನ ಪದ್ಧತಿಗಳ ದಾಖಲಾತಿ ತುರ್ತಾಗಿ ಆಗಬೇಕಾಗಿದೆ. ಆ ವಿದ್ಯಾರ್ಥಿ ಇಂದು ಮತ್ತೆ ಕೇಳಿದರೆ, ಗ್ರೀಕರನ್ನು ಅವಶ್ಯ ಓದು, ಅದಕ್ಕೆ ಮೊದಲು ನಿನ್ನ ತಂದೆಯ ತಾಲೀಮಿಗೆ ಹೋಗಿ ಕುಳಿತುಕೋ ಎನ್ನುತ್ತೇನೆ.