ಬ್ಲೇಕ್‌ನ ತಾಮ್ರದ ತಗಡು: ತಗ್ಗಿನ ಆಳ ಮತ್ತು ಪುಟದ ರೂಪ

ವಿಲಿಯಂ ಬ್ಲೇಕ್ ನಮ್ಮಲ್ಲಿ ಬಹುಮಂದಿಗೆ ಪರಿಚಯವಾದದ್ದು ಇಂಗ್ಲಿಷ್ ಪಠ್ಯಪುಸ್ತಕದ ಅಚ್ಚಿನ ಅಕ್ಷರಗಳಲ್ಲಿ. ಆದರೆ 'ಸಾಂಗ್ಸ್ ಆಫ್ ಇನ್ನೊಸೆನ್ಸ್' (1789) ಅವನು ತಾನೇ ಬರೆದು, ತಾನೇ ತಗಡು ತಯಾರಿಸಿ, ಹೆಂಡತಿ ಕ್ಯಾಥರೀನಳ ನೆರವಿನಿಂದ ಅಚ್ಚೊತ್ತಿ ಬಣ್ಣ ತುಂಬಿದ ಪುಸ್ತಕ. ಆ ಪುಟಗಳ ರೂಪವನ್ನು ಬಹುಮಟ್ಟಿಗೆ ನಿರ್ಧರಿಸಿದ್ದು ಒಂದು ತಾಂತ್ರಿಕ ಮಿತಿ: ಆಮ್ಲ ತೋಡಿದ ತಗ್ಗಿಗೆ ಹೆಚ್ಚು ಆಳವಿರಲಿಲ್ಲ. ಈ ಟಿಪ್ಪಣಿಯ ವಾದ ಇಷ್ಟೇ.

ಬ್ಲೇಕ್ 1772ರಿಂದ ಏಳು ವರ್ಷ ಲಂಡನ್ನಿನ ಜೇಮ್ಸ್ ಬಸೀರ್ ಬಳಿ ಕೆತ್ತನೆ ಕಲಿತವನು. ಅಂದಿನ ಎಚ್ಚಿಂಗ್‌ನಲ್ಲಿ ತಗಡಿಗೆ ಮೇಣದ ಲೇಪ ಕೊಟ್ಟು, ಸೂಜಿಯಿಂದ ಗೀರಿ, ಗೀರಿದಲ್ಲಿ ಮಾತ್ರ ಆಮ್ಲ ತಿನ್ನುವಂತೆ ಮಾಡುತ್ತಿದ್ದರು. ಮಸಿ ಗೀರುಗಳೊಳಗೆ ನಿಲ್ಲುತ್ತಿತ್ತು. 1788ರಲ್ಲಿ ಬ್ಲೇಕ್ ಈ ಕ್ರಮವನ್ನೇ ತಿರುವುಮುರುವು ಮಾಡಿದ. ಆಮ್ಲಕ್ಕೆ ಜಗ್ಗದ ವಾರ್ನಿಷ್‌ನಲ್ಲಿ ಲೇಖನಿ, ಕುಂಚಗಳನ್ನದ್ದಿ ಅಕ್ಷರಗಳನ್ನೂ ಚಿತ್ರಗಳನ್ನೂ ತಗಡಿನ ಮೇಲೆ ಬರೆದ. ಸುತ್ತಲ ತಾಮ್ರವನ್ನು ಆಮ್ಲ ತಿಂದಿತು, ಬರೆದದ್ದು ಉಬ್ಬಾಗಿ ಉಳಿಯಿತು.

ಅಚ್ಚೊತ್ತಿದಾಗ ಎಲ್ಲವೂ ತಿರುಗಿ ಬೀಳುವುದರಿಂದ ತಗಡಿನ ಮೇಲಿನ ಬರಹ ತಿರುಗಿರಬೇಕು. ಅಕ್ಷರಗಳನ್ನು ಹಾಗೆ ಕನ್ನಡಿಬಿಂಬದಂತೆ ಬರೆದದ್ದು ಹೇಗೆ? 1947ರಲ್ಲಿ ನ್ಯೂಯಾರ್ಕಿನಲ್ಲಿ ಕಲಾವಿದರಾದ ಹೇಟರ್ ಮತ್ತು ಮಿರೋ, ಕವಿ ರುಥ್ವೆನ್ ಟಾಡ್ ಕೂಡಿ ಪ್ರಯೋಗ ಮಾಡಿದರು. ಕಾಗದದ ಮೇಲೆ ಸರಿಯಾಗಿ ಬರೆದು ತಗಡಿಗೆ ಇಳಿಸಿಕೊಂಡಿರಬೇಕು ಎಂಬುದು ಅವರ ನಿಲುವು. ತಾನೇ ಮುದ್ರಣಕಲೆ ಬಲ್ಲ ವಿದ್ವಾಂಸ ಜೋಸೆಫ್ ವಿಸ್ಕೋಮಿ 1993ರ ತನ್ನ ಗ್ರಂಥದಲ್ಲಿ ಇದನ್ನು ಒಪ್ಪಲಿಲ್ಲ. ತಿರುಗುಮುರುಗಾಗಿ ಬರೆಯುವುದು ಕೆತ್ತನೆಗಾರನಿಗೆ ಕಸುಬಿನ ಪಾಠವೇ ಆಗಿತ್ತು. ನನಗೂ ಇದೇ ಸರಿಯೆನಿಸುತ್ತದೆ.

ಆಳದ ಮಾತಿಗೆ ಬರೋಣ. ಆಮ್ಲ ಕೆಳಕ್ಕೆ ಇಳಿಯುವಂತೆಯೇ ಪಕ್ಕಕ್ಕೂ ತಿನ್ನುತ್ತದೆ. ಹೆಚ್ಚು ಹೊತ್ತು ಬಿಟ್ಟರೆ ಸಣ್ಣ ಅಕ್ಷರಗಳ ಬುಡವೇ ಕರಗಿಹೋಗುತ್ತದೆ. 'ಅಮೆರಿಕ' (1793) ಕೃತಿಗೆಂದು ತಯಾರಿಸಿ ಕೈಬಿಟ್ಟ ತಗಡಿನ ಒಂದು ತುಂಡು ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿದೆ. ಬ್ಲೇಕ್‌ನ ಉಬ್ಬು ತಗಡುಗಳಲ್ಲಿ ಉಳಿದಿರುವುದು ಅದೊಂದೇ. ಅದರ ತಗ್ಗು ಒಂದು ಮಿಲಿಮೀಟರಿಗಿಂತ ಬಹಳ ಕಡಿಮೆ.

ಇಂಥ ತಗಡಿಗೆ ಬಟ್ಟೆಯುಂಡೆಯಿಂದ ಮಸಿ ತಟ್ಟುವಾಗ, ಖಾಲಿ ಜಾಗ ಅಗಲವಾಗಿದ್ದಷ್ಟೂ ಉಂಡೆ ಕುಸಿದು ತಳಕ್ಕೆ ಮಸಿ ಹತ್ತುವ ಭಯ. ಸಾಲುಗಳ ಸಂದಿಯಲ್ಲಿ, ಚರಣಗಳ ನಡುವೆ ಹಬ್ಬಿರುವ ಬಳ್ಳಿ, ಎಲೆ, ಹಕ್ಕಿಗಳನ್ನು ಇದನ್ನು ನೆನೆದು ನೋಡಬೇಕು. ಅವು ಪದ್ಯಕ್ಕೆ ಚಿತ್ರವಾಗಿರುವಂತೆಯೇ ಉಂಡೆಯನ್ನು ಮೇಲೆ ತಡೆದು ನಿಲ್ಲಿಸುವ ಆಸರೆಗಳೂ ಹೌದು. ಇವನ್ನು ಬರೀ ಸಂಕೇತಗಳೆಂದು ಓದುವ ವಿಮರ್ಶೆಗೆ ಬ್ಲೇಕ್‌ನ ಕೈಯ ಜಾಣ್ಮೆ ಕಾಣಿಸದೆ ಹೋಗಿದೆ. ತಗಡಿನ ಅಂಚಿನದು ಇನ್ನೊಂದು ತೊಡಕು. ಆಮ್ಲ ಹರಿದುಹೋಗದಂತೆ ಸುತ್ತ ಮೇಣದ ಬದು ಕಟ್ಟುತ್ತಿದ್ದರಿಂದ ಅದರಡಿಯ ತಾಮ್ರ ಉಬ್ಬಾಗಿಯೇ ಉಳಿದು ಮಸಿ ಹಿಡಿಯುತ್ತಿತ್ತು. ಮೊದಲ ಪ್ರತಿಗಳಲ್ಲಿ ಅದನ್ನು ಒರೆಸಿ ತೆಗೆದೇ ಒತ್ತಿದ್ದಾರೆ.

1794ರಲ್ಲಿ 'ಸಾಂಗ್ಸ್ ಆಫ್ ಎಕ್ಸ್‌ಪೀರಿಯೆನ್ಸ್' ಬಂತು. ತಾಮ್ರ ದುಬಾರಿಯಾದ್ದರಿಂದ ಹಿಂದಿನ ಪುಸ್ತಕದ ತಗಡುಗಳ ಬೆನ್ನನ್ನೇ ಇದಕ್ಕೆ ಬಳಸಿಕೊಂಡಿದ್ದ. ಆ ಹೊತ್ತಿಗೆ ಅವನು ಅಂಟು ಬೆರೆಸಿದ ದಪ್ಪ ಬಣ್ಣವನ್ನು ಉಬ್ಬಿಗೂ ತಗ್ಗಿಗೂ ಹಚ್ಚಿ ಒತ್ತತೊಡಗಿದ್ದ. ತಗ್ಗು ಆಳವಾಗಿದ್ದರೆ ಕಾಗದ ತಳ ಮುಟ್ಟುತ್ತಲೇ ಇರಲಿಲ್ಲ. ಮಸಿಗೆ ತೊಡಕಾಗಿದ್ದ ಗುಣವೇ ಬಣ್ಣಕ್ಕೆ ದಾರಿಯಾಯಿತು.

ಮಸಿಗೊಮ್ಮೆ, ಬಣ್ಣಕ್ಕೊಮ್ಮೆ ಎಂದು ಎರಡು ಸಲ ಒತ್ತುತ್ತಿದ್ದ ಎಂಬುದು 2000ದಲ್ಲಿ ಬ್ಲೇಕ್ ವಿದ್ವಾಂಸ ಮೈಕಲ್ ಫಿಲಿಪ್ಸ್ ಮಂಡಿಸಿದ ವಾದ. ಇನ್ನೊಬ್ಬ ವಿದ್ವಾಂಸ ರಾಬರ್ಟ್ ಎಸಿಕ್ ಮತ್ತು ವಿಸ್ಕೋಮಿ ಒಂದೇ ಒತ್ತು ಎಂದು ಉತ್ತರಿಸಿದರು. ಹಂಟಿಂಗ್ಟನ್ ಗ್ರಂಥಾಲಯದ ಪ್ರತಿಯಲ್ಲಿ 'ನರ್ಸಸ್ ಸಾಂಗ್' ಪುಟವನ್ನು ಎರಡು ಸಲ ಒತ್ತಿರುವುದು ನಿಜ. ಅಲ್ಲಿ ಎರಡನೆಯ ಅಚ್ಚು ಮೊದಲನೆಯದರಿಂದ ಜರುಗಿರುವುದು ಕಣ್ಣಿಗೆ ಬೀಳುತ್ತದೆ. ಅದೇ ರೂಢಿಯಾಗಿದ್ದರೆ ಅಂಥ ಜರುಗು ಪುಟಪುಟದಲ್ಲೂ ಸಿಗಬೇಕಿತ್ತು. ತಗ್ಗಿನ ಆಳವನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಎಸಿಕ್ ಮತ್ತು ವಿಸ್ಕೋಮಿಯವರ ವಾದವೇ ಗಟ್ಟಿ: ಒಂದೇ ಒತ್ತಿನಲ್ಲಿ ಎರಡೂ ಕಾಗದಕ್ಕೆ ಇಳಿಯುವಾಗ ಎರಡನೆಯದರ ಅಗತ್ಯ ಬೀಳುವುದಿಲ್ಲ.