ಪುಷ್ಪಕಕ್ಕೆ ಎಷ್ಟು ಬುಗುರಿ ಬೇಕು?

ಮೊನ್ನೆ ಅಕ್ಕಿಪೇಟೆಯ ಗಲ್ಲಿಯೊಂದರಲ್ಲಿ ದಾರಿ ತಪ್ಪಿತು. ಊರಲ್ಲಾದರೆ ಬಿಸಿಲು ನೋಡಿ ದಿಕ್ಕು ಹೇಳೋನು ನಾನು. ಇಲ್ಲಿ ಬಿಸಿಲೇ ನೆಲಕ್ಕಿಳಿಯಲ್ಲ. ಫೋನಿನ ದಿಕ್ಸೂಚಿ ತೆಗೆದೆ. ಕಬ್ಬಿಣದ ಶಟರ್ ಪಕ್ಕ ಒಂದು ಉತ್ತರ, ನಾಲ್ಕು ಹೆಜ್ಜೆ ಆಚೆ ಇನ್ನೊಂದು ಉತ್ತರ. ಹಿಂದಿನಿಂದ ಮೂಟೆ ಗಾಡಿಯವನು "ಸೈಡ್ ಸಾರ್" ಅಂದ. ಸರಿದು ನಿಂತಾಗ ನೆನಪಾಗಿದ್ದು ಪುಷ್ಪಕ.

ರಾವಣನದ್ದಲ್ಲ, ಬೆಂಗಳೂರಿನದು. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆ ಸೇರಿ ಇಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರುಮಾಡಿದರು. ವಿ. ಎಂ. ಘಾಟಗೆಯವರ ಮುಂದಾಳತ್ವದಲ್ಲಿ ರೂಪುಗೊಂಡ ಎಚ್‌ಟಿ-2 ಹಾರಿದ್ದು 1951ರ ಆಗಸ್ಟ್ 5ರಂದು. ಪುಷ್ಪಕ ಹಾರಿದ್ದು 1958ರ ಸೆಪ್ಟೆಂಬರ್ 28ಕ್ಕೆ. ಅಕ್ಕಪಕ್ಕ ಎರಡು ಸೀಟು, 90 ಅಶ್ವಶಕ್ತಿಯ ಎಂಜಿನ್, ಉಕ್ಕಿನ ಕೊಳವೆಯ ಹಂದರಕ್ಕೆ ಬಟ್ಟೆ ಹೊದಿಕೆ. ಫ್ಲೈಯಿಂಗ್ ಕ್ಲಬ್‌ಗಳಲ್ಲಿ ಎಷ್ಟೋ ಜನ ಹಾರಲು ಕಲಿತದ್ದು ಇದರಲ್ಲೇ.

ಇಂಥದ್ದೊಂದನ್ನ ಈಗ ಮತ್ತೆ ಹಾರಿಸಬೇಕಾದರೆ ಮುಂದಿನ ಫಲಕದಲ್ಲಿ ಏನೇನು ಕೂರಿಸಬೇಕು? ನಾನು ಪೈಲಟ್ ಅಲ್ಲ, ಕೋಡ್ ಬರೆಯೋನು. ಆದರೂ ಈ ಪ್ರಶ್ನೆ ಬಿಡಲಿಲ್ಲ.

ದಿಕ್ಸೂಚಿ ಇರಲೇಬೇಕು. ಅದಕ್ಕೆ ಕರೆಂಟ್ ಬೇಡ, ಗಾಳಿ ಬೇಡ. ಉಕ್ಕಿನ ಹಂದರ ಅದಕ್ಕೆ ಅಕ್ಕಿಪೇಟೆಯ ಶಟರ್ ಇದ್ದ ಹಾಗೆ. ವಿಮಾನವನ್ನ ನೆಲದ ಮೇಲೆ ಸುತ್ತ ತಿರುಗಿಸಿ, ಯಾವ ದಿಕ್ಕಿಗೆ ಎಷ್ಟು ತಪ್ಪು ಅಂತ ಚೀಟಿ ಬರೆದು ಅಂಟಿಸುತ್ತಾರೆ. ಇನ್ನೊಂದು ಕಾಟ: ವಿಮಾನ ತಿರುಗುವಾಗ ಮುಳ್ಳು ಸುಳ್ಳು ಹೇಳುತ್ತೆ, ಭೂಮಿಯ ಕಾಂತಕ್ಷೇತ್ರ ನೆಲದ ಕಡೆಗೆ ವಾಲಿರೋದರಿಂದ. ಲಂಡನ್‌ನಲ್ಲಿ ಈ ವಾಲು ಜಾಸ್ತಿ, ನಮ್ಮಲ್ಲಿ ತೀರಾ ಕಡಿಮೆ. ಕಾಂತೀಯ ಸಮಭಾಜಕ ನಮ್ಮ ದಕ್ಷಿಣಕ್ಕೇ ಇದೆ. 1963ರಲ್ಲಿ ಕೇರಳದ ತುಂಬಾ ಎಂಬ ಊರಿನಿಂದ ಮೊದಲ ರಾಕೆಟ್ ಹಾರಿಸಿದ್ದೂ ಆ ಕಾರಣಕ್ಕೇ.

ಗೈರೋ ಅಂದರೆ ಬುಗುರಿ. ಜೋರಾಗಿ ಸುತ್ತುವಷ್ಟು ಹೊತ್ತು ತನ್ನ ನಿಲುವು ಬಿಡಲ್ಲ. ಆದರೆ ಅದಕ್ಕೆ ಉತ್ತರ ಯಾವುದು ಅಂತ ಗೊತ್ತಿಲ್ಲ, ನಾವೇ ದಿಕ್ಸೂಚಿ ನೋಡಿ ಹೇಳಿಕೊಡಬೇಕು. ಭೂಮಿ ತಿರುಗೋದರಿಂದ ದಿಕ್ಕಿನ ಗೈರೋ ಬೆಂಗಳೂರಲ್ಲಿ ಗಂಟೆಗೆ ಸುಮಾರು ಮೂರೂವರೆ ಡಿಗ್ರಿ ಜಾರುತ್ತೆ, ಲಂಡನ್‌ನಲ್ಲಿ ಸುಮಾರು 12. ಬೇರಿಂಗಿನ ಸವೆತದ ಲೆಕ್ಕ ಬೇರೆ. ಎರಡೂ ಉಪಕರಣಗಳಿಗೆ ನಮ್ಮೂರು ಒಳ್ಳೇ ಊರು, ಬಿಡಿ.

1929ರ ಸೆಪ್ಟೆಂಬರ್ 24ರಂದು ಅಮೆರಿಕದ ಜಿಮ್ಮಿ ಡೂಲಿಟಲ್ ಹೊರಗಿನದೇನೂ ಕಾಣದಂತೆ ಮುಚ್ಚಿದ ಕಾಕ್‌ಪಿಟ್‌ನಲ್ಲಿ ಕೂತು ಹಾರಿ ಇಳಿದರು. ಫಲಕದಲ್ಲಿ ಸ್ಪೆರಿ ಕಂಪನಿಯ ಕೃತಕ ದಿಗಂತ, ದಿಕ್ಕಿನ ಗೈರೋ ಇದ್ದವು. ಹಾಗಿದ್ದರೆ ಎಲ್ಲಾ ಹಾಕಿಬಿಡೋಣ ಅನಿಸುತ್ತೆ. ನನಗೆ ಹಿಡಿಸಿದ್ದು 1954ರ ಇಲಿನಾಯ್ ವಿಶ್ವವಿದ್ಯಾಲಯದ ಪ್ರಯೋಗ. ಮೋಡದೊಳಗೆ ಹಾರಲು ಕಲಿಯದ 20 ಪೈಲಟ್‌ಗಳಿಗೆ ಹೊರಗಿನ ನೋಟ ಮರೆಮಾಡಿದಾಗ ಎಲ್ಲರೂ ಹಿಡಿತ ಕಳೆದುಕೊಂಡರು, ಸರಾಸರಿ 178 ಸೆಕೆಂಡಿನಲ್ಲಿ. ಕಿವಿಯೊಳಗಿನ ಸಮತೋಲನ ಅಷ್ಟು ಬೇಗ ಮೋಸ ಮಾಡುತ್ತೆ. ಆಮೇಲೆ ತಿರುವು ತೋರಿಸುವ ಮುಳ್ಳನ್ನೇ ನಂಬಿ ಹಿಂದಕ್ಕೆ ತಿರುಗೋದನ್ನ ಕಲಿಸಿದರು; ಹೆಚ್ಚುಕಡಿಮೆ ಪ್ರತಿಸಲವೂ ಪಾರಾದರು.

ಹಾಗಾಗಿ ನನ್ನ ಆಯ್ಕೆ: ದಿಕ್ಸೂಚಿ, ಜೊತೆಗೊಂದು ತಿರುವು ಸೂಚಕ. ಅದರ ಬುಗುರಿ ತಿರುಗಿಸಲು ಪಕ್ಕದಲ್ಲಿ ವೆಂಚುರಿ ಕೊಳವೆ, ಓಡುವ ಗಾಳಿಯೇ ಅದಕ್ಕೆ ಪಂಪು. ಕೃತಕ ದಿಗಂತ ಬೇಡ. ಅದು ಕಣ್ಣೆದುರಿದ್ದರೆ "ಈ ಮೋಡ ಏನು ಮಹಾ" ಅನಿಸಿಬಿಡುತ್ತೆ, 90 ಅಶ್ವಶಕ್ತಿಯ ಬಟ್ಟೆ ರೆಕ್ಕೆಯಲ್ಲಿ ಕೂತು.